ಸಂತೆಕಟ್ಟೆಯಿಂದ ಹೊಳೆದಂಡೆಗೆ, ನಾಯಿಯೊಡನೆ ಒಂದು ಸುತ್ತು



ಉಡುಪಿಯಿಂದ ಕುಂದಾಪುರದತ್ತ ಹೆದ್ದಾರಿಯಲ್ಲಿ ಸಾಗುವವರಿಗೆ ಸಂತೆಕಟ್ಟೆ ಒಂದು ವಾಹನದಟ್ಟಣೆಯ ವೃತ್ತ, ಅಷ್ಟೆ. ಅಲ್ಲಿಂದ ಪಶ್ಚಿಮಕ್ಕೆ ಕಲ್ಯಾಣಪುರದ ಓಣಿಗಳನ್ನು ಹಿಡಿದು ಸ್ವರ್ಣಾ ನದಿಯ ದಂಡೆಗಿಳಿದು, ತೆಂಗಿನ ತೋಟ, ಗದ್ದೆಯ ಹುಣಿ, ಹಾಡಿಯ ಅಂಚುಗಳ ಮೂಲಕ ಮರಳಿದರೆ ಬೇರೆಯೇ ಊರು ಕಾಣುತ್ತದೆ. ಮುಂಜಾನೆ ನಾಯಿಯೊಡನೆ ಹೀಗೆ ಸುತ್ತುವ ಹವ್ಯಾಸ ಈಚೆಗೆ ಪೇಟೆಯವರಲ್ಲಿ ಹೆಚ್ಚುತ್ತಿದೆ. ಹವ್ಯಾಸ ಒಳ್ಳೆಯದೇ. ಆದರೆ ಆ ದಾರಿ ಯಾರ ಯಾರ ಮನೆಯಂಗಳವೆಂಬುದನ್ನು ನಡೆಯುವವರು ಅರಿತಿರಬೇಕು.

ಸ್ವರ್ಣೆ ಘಟ್ಟದ ಮಗಳು. ಕಾರ್ಕಳ ಸೀಮೆಯನ್ನು ಹಾದು, ಹಿರಿಯಡ್ಕ ಸಮೀಪದ ಬಜೆಯಲ್ಲಿ ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಟ್ಟು, ಕಲ್ಯಾಣಪುರದ ಬಳಿ ಉಪ್ಪುನೀರಿನ ಹೊಳೆಯಾಗುತ್ತದೆ. ಮುಂದೆ ಸೀತಾನದಿಯೊಡನೆ ಸೇರಿ ಕಡಲಿಗಿಳಿಯುತ್ತದೆ. ದಿನಕ್ಕೆರಡು ಬಾರಿ ಭರತ, ಎರಡು ಬಾರಿ ಇಳಿತ. ದಂಡೆಯ ಕಾಂಡ್ಲ ಗಿಡಗಳ ಬೇರುಗಳು ಕೆಸರನ್ನು ಹಿಡಿದು ನಿಲ್ಲಿಸುತ್ತವೆ. ಮೀನಿನ ಮರಿ, ಏಡಿಗಳು ಬೆಳೆಯುವುದು ಆ ಬೇರುಗಳ ಸಂದಿನಲ್ಲೇ. ಸರಪಳಿ ಬಿಚ್ಚಿದ ನಾಯಿ ಅಲ್ಲಿ ಎರಡು ನಿಮಿಷ ಓಡಿದರೂ ಕೆಸರಿನಲ್ಲಿ ಮೇಯುತ್ತಿದ್ದ ಹಕ್ಕಿಗಳೆಲ್ಲ ಹಾರಿಹೋಗುತ್ತವೆ. ಬೇಸಿಗೆಯಲ್ಲಿ ಬಯಲಿನ ಬರಿನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭದ ಪಾಡಂತೂ ಹೇಳತೀರದು.

ಇನ್ನು ಹಾಡಿ. ಕೇಪಳ, ನೇರಳೆ, ಬೋಗಿ, ಪುನರ್ಪುಳಿಗಳ ಈ ತುಂಡು ಕಾಡುಗಳಲ್ಲಿ ನಾಗಬನಗಳೇ ಹೆಚ್ಚು ಹಸಿರಾಗಿ ಉಳಿದಿವೆ. ಕತ್ತಿ ಹಾಕಬಾರದು, ಚಪ್ಪಲಿ ಮೆಟ್ಟಿ ಒಳಹೋಗಬಾರದು ಎಂಬ ಹಿರಿಯರ ಕಟ್ಟಳೆಯೇ ಅವುಗಳಿಗೆ ಬೇಲಿ. ಆ ಬೇಲಿ ನಾಯಿಗೂ ಅನ್ವಯಿಸುತ್ತದೆ. (ಬನದ ಮರ ಕಡಿದು ಕಾಂಕ್ರೀಟು ಕಟ್ಟೆ ಕಟ್ಟುವವರು ನಾಯಿಯನ್ನು ದೂರುವುದು ಮಾತ್ರ ಸಲ್ಲದು.)

ಕೃಷಿಕರ ಭಯ ಬೇರೆ. ಮಳೆಗಾಲದಲ್ಲಿ ಗದ್ದೆಯ ನಿಂತ ನೀರಿನಿಂದ ಇಲಿಜ್ವರ ಹರಡುತ್ತದೆ. ಹೆಸರು ಇಲಿಯದಾದರೂ ನಾಯಿ, ದನಗಳ ಮೂತ್ರದಲ್ಲೂ ಆ ರೋಗಾಣು ಇರಬಲ್ಲದು. ನಾಟಿ ಮಾಡುವವರ ಕಾಲಿನ ಸಣ್ಣ ಗಾಯವೇ ಅದಕ್ಕೆ ಬಾಗಿಲು. ನಾಯಿಗೆ ಇದರ ಲಸಿಕೆಯುಂಟು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವವರೂ ಇದನ್ನು ಮರೆಯುತ್ತಾರೆ.

ಘಟ್ಟದ ಮೇಲಿನವರು ಮತ್ತೂ ಎಚ್ಚರದಿಂದಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಕಾಡು ಸುತ್ತಿ ಬಂದ ನಾಯಿ ತನ್ನ ಮೈಮೇಲೆ ಉಣ್ಣಿಯನ್ನು ಹೊತ್ತು ಜಗಲಿಗೆ ತರಬಲ್ಲದು. ಹೋಗುವಾಗ ನಾಯಿ ಕೊಂಡೊಯ್ಯುವ ರೋಗವೂ ಇದೆ. 2018ರಲ್ಲಿ ಗಿರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿ ಪತ್ತೆಯಾದದ್ದು ನಾಯಿಗಳ ಡಿಸ್ಟೆಂಪರ್ ರೋಗದ ವೈರಾಣು. ಕುದುರೆಮುಖದ ಸೀಳುನಾಯಿ, ತೊರೆಗಳ ನೀರುನಾಯಿಗಳೂ ಅದೇ ರೋಗಕ್ಕೆ ತುತ್ತಾಗಬಲ್ಲವು.

ಆದ್ದರಿಂದ ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಬೇಕೆಂದಲ್ಲ. ಲಸಿಕೆ ಹಾಕಿಸಿ, ಮೋಟು ಹಗ್ಗ ಹಿಡಿದು, ಅದರ ಮಲವನ್ನು ಹೊಳೆಗೆ ಸೇರದಂತೆ ತೆಗೆದು ನಡೆದರೆ ಸಾಕು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಉಪ್ಪುನೀರು ಕುಡಿದ ನಾಯಿ ವಾಂತಿ ಮಾಡಿಕೊಳ್ಳುತ್ತದೆ. ಮರಳಿದ ಮೇಲೆ ಅದರ ಕಿವಿಯ ಹಿಂದೆ, ಕಾಲ್ಬೆರಳುಗಳ ಸಂದಿನಲ್ಲಿ ಉಣ್ಣಿ ಇದೆಯೇ ಎಂದು ತಡವಿ ನೋಡಬೇಕು, ಒಳಗೆ ಬಿಡುವ ಮೊದಲು, ಅಂಗಳದಲ್ಲೇ.