ಕಲ್ಲಿನ ಮೇಲಿಲ್ಲದ ಹೆಸರುಗಳು
(ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನದ ಪ್ರಬೋಧನೆ)



ಇಂದು ನಾವೆಲ್ಲರೂ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚಿ ಬಂದಿದ್ದೇವೆ. ಹಚ್ಚಿದ್ದು ಕಲ್ಲು ಇರುವ ಕಡೆ. ಕಲ್ಲಿಲ್ಲದವರನ್ನು ಯಾರು ನೆನೆದರು?

ಕಳೆದ ವರ್ಷ ಇದೇ ದಿನ ಒಂದು ಕುಟುಂಬದವರು ಮುತ್ತಜ್ಜನ ಸಮಾಧಿ ಹುಡುಕಿಕೊಂಡು ನಮ್ಮ ಧರ್ಮಕೇಂದ್ರಕ್ಕೆ ಬಂದರು. ಪಾಚಿ ಕಟ್ಟಿದ ಕಲ್ಲನ್ನು ತೊಳೆದಾಗ ಅವರ ಹೆಸರು, ಇಸವಿ ಕಂಡವು. ಮುತ್ತಜ್ಜಿಯ ಹೆಸರು ಅಲ್ಲಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಹಳೆಯ ದಾಖಲೆ ಪುಸ್ತಕ ತೆರೆದೆವು. ಅಜ್ಜನ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಹೆಸರಿನ ಪಕ್ಕದಲ್ಲೇ ತಾಯಿಯ ಹೆಸರಿತ್ತು. ಆ ಹೆಸರು ಹಿಡಿದು ಮರಣದ ಪುಸ್ತಕ ನೋಡಿದರೆ ಆಕೆ ತೀರಿಕೊಂಡ ದಿನವೂ ಸಿಕ್ಕಿತು. ಕೆಳಗಿನ ಸಾಲಿನಲ್ಲಿ, ಎರಡು ದಿನಗಳ ನಂತರ, ಆಕೆಯ ಹಸುಗೂಸು. ಇಷ್ಟು ವರ್ಷ ಆ ತಾಯಿಗೂ ಮಗುವಿಗೂ ಒಂದು ಬಲಿಪೂಜೆ ಹೇಳಿಸಿದವರಿಲ್ಲ.

ನಮ್ಮ ತಪ್ಪೂ ಇದೆ. ಸಮಾಧಿ ಭೂಮಿ ಚೊಕ್ಕಟ ಮಾಡುವಾಗ ಮಾಸಿದ ಕಲ್ಲುಗಳನ್ನು ನಾವೇ ಗೋಡೆಯ ಬದಿಗೆ ಒಟ್ಟಿದೆವು. ಉಳಿದ ಅಕ್ಷರಗಳನ್ನಾದರೂ ಬರೆದುಕೊಳ್ಳಲಿಲ್ಲ.

ಇಂಗ್ಲೆಂಡಿನಲ್ಲಿ 1921ರ ಜನಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಕಾದು 2022ರಲ್ಲಿ ಜನರಿಗೆ ತೆರೆದರು. ನಮ್ಮಲ್ಲಿ 1872ರಿಂದ ಜನಗಣತಿ ನಡೆದಿದ್ದರೂ 1948ರ ಕಾಯ್ದೆಯ ಪ್ರಕಾರ ಮನೆಯ ವಿವರಗಳು ಗುಟ್ಟಾಗಿಯೇ ಉಳಿಯುತ್ತವೆ. ಆದ್ದರಿಂದ ನಮ್ಮ ಕುಟುಂಬಗಳಿಗೆ ದೇವಾಲಯದ ಪುಸ್ತಕವೇ ಆಸರೆ. ದೀಕ್ಷಾಸ್ನಾನ, ವಿವಾಹಗಳ ದಾಖಲೆ ಇಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಮರಣದ ದಾಖಲೆಯನ್ನೂ ಸೇರಿಸಿತು. ಬಡವರಿಗೆ ಕಲ್ಲು ನಿಲ್ಲಿಸಲು ಹಣವಿರಲಿಲ್ಲ; ಆದರೆ ಪುಸ್ತಕದಲ್ಲಿ ಅವರಿಗೂ ಒಂದು ಸಾಲು ಸಿಕ್ಕಿತು.

ಚಕ್ರವರ್ತಿ ಔಗುಸ್ತನ ಜನಗಣತಿಗೆಂದು ಜೋಸೆಫರು ಮರಿಯಳೊಡನೆ ಬೆತ್ಲೆಹೇಮಿಗೆ ಹೋದುದನ್ನು ಸಂತ ಲೂಕ ತಿಳಿಸುತ್ತಾರೆ. ಸಂತ ಮತ್ತಾಯ ಯೇಸುಸ್ವಾಮಿಯ ವಂಶಾವಳಿ ಬರೆಯುವಾಗ ತಾಮಾರ್, ರಾಹಾಬ್, ರೂತ್ ಇವರನ್ನು ಬಿಡಲಿಲ್ಲ. ಜನ ಮರೆಮಾಚಲು ಬಯಸುವ ಹೆಸರುಗಳೂ ರಕ್ಷಕರ ಕುಟುಂಬದಲ್ಲಿವೆ. ನಮ್ಮ ಮನೆಗಳಲ್ಲಿ ಜಗಳವಾಡಿ ದೂರವಾದವರು, ಅವಮಾನವೆಂದು ನಾವು ಹೆಸರೆತ್ತದವರು ಇಲ್ಲವೇ? ಅವರಿಗೂ ನಮ್ಮ ಪ್ರಾರ್ಥನೆ ಬೇಕು.

ಪ್ರಿಯರೇ, ಈ ತಿಂಗಳು ಮನೆಯ ಹಿರಿಯರ ಬಳಿ ಕುಳಿತು ತೀರಿಹೋದವರ ಹೆಸರುಗಳನ್ನು ಬರೆದುಕೊಳ್ಳೋಣ. ತಾಯಂದಿರ, ತವರಿನವರ, ಕೂಸುಗಳ ಹೆಸರನ್ನೂ ಕೇಳೋಣ. ತಿಳಿಯದಿದ್ದರೆ ಧರ್ಮಕೇಂದ್ರದ ಕಚೇರಿಗೆ ಬನ್ನಿ, ಕೂಡಿ ಹುಡುಕೋಣ. ಗೋಡೆಯ ಬದಿಯ ಕಲ್ಲುಗಳನ್ನು ಬರುವ ಭಾನುವಾರ ಯುವಕರೊಡನೆ ತೊಳೆದು ಓದಲಿದ್ದೇವೆ. ಪುಸ್ತಕದಲ್ಲೂ ಸಿಗದವರನ್ನು ದೇವರು ತಮ್ಮ ಅಂಗೈಯಲ್ಲಿ ಬರೆದುಕೊಂಡಿದ್ದಾರೆಂಬ ಯೆಶಾಯನ ಮಾತಿನಲ್ಲಿ ಭರವಸೆಯಿಟ್ಟು ಆ ತಂದೆಗೆ ಒಪ್ಪಿಸೋಣ.

ಮೃತರಾದ ಸಕಲ ವಿಶ್ವಾಸಿಗಳಿಗೆ ನಿತ್ಯ ವಿಶ್ರಾಂತಿ ದೊರೆಯಲಿ. ಆಮೆನ್.