ರಜೆ ಎಂಬ ಎರಡಕ್ಷರ

ನಿವೃತ್ತನಾದ ಮೇಷ್ಟರೊಬ್ಬ ರಜೆಯ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಕೊಂಚ ನಗು ಬಂದೀತು. ಈಗ ನಾನು ಯಾರಲ್ಲಿಯೂ ರಜೆ ಕೇಳಬೇಕಾಗಿಲ್ಲ; ಕೇಳಿದರೆ ಕೊಡುವವರೂ ಇಲ್ಲ. ಆದರೆ ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ, ನಡುನಡುವೆ ಪ್ರಭಾರ ಪ್ರಾಂಶುಪಾಲನೆಂಬ ಹೆಸರಿನಲ್ಲಿ ಆ ದೊಡ್ಡ ಕುರ್ಚಿಯಲ್ಲಿಯೂ ಕುಳಿತು, ಎಷ್ಟೋ ರಜೆ ಅರ್ಜಿಗಳ ಮೇಲೆ ಹಸಿರು ಶಾಯಿಯಲ್ಲಿ ಸಹಿ ಹಾಕಿದವನು ನಾನು. ಪಂಪನನ್ನು, ಕುಮಾರವ್ಯಾಸನನ್ನು ಓದಿದ ಶ್ರದ್ಧೆಯಿಂದ ಆ ಅರ್ಜಿಗಳನ್ನು ಓದಿದೆನೆಂದು ಹೇಳಲಾರೆ. ಓದಬೇಕಾಗಿತ್ತು. ಏಕೆಂಬುದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ಮೊದಲು ಪದವನ್ನು ನೋಡೋಣ. ಕನ್ನಡ ಮೇಷ್ಟರಿಗೆ ಯಾವ ವಿಷಯಕ್ಕೂ ಬೇರೆ ಬಾಗಿಲು ಗೊತ್ತಿಲ್ಲ. ‘ರಜೆ’ ಅಚ್ಚಗನ್ನಡವಲ್ಲ, ಸಂಸ್ಕೃತವೂ ಅಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯನ್ನು ಹಾದು, ಆಡಳಿತದ ಭಾಷೆಯ ಜೊತೆ ನಮ್ಮಲ್ಲಿಗೆ ಬಂದ ಮಾತು ಅದು. ಅರ್ಜಿ, ಮಂಜೂರು, ಹಾಜರಿ, ಗೈರುಹಾಜರಿ ಇವೆಲ್ಲ ಅದೇ ದಾರಿಯ ಪಯಣಿಗರು. ಮೂಲದಲ್ಲಿ ಅದರ ಅರ್ಥ ಒಪ್ಪಿಗೆ, ಸಮ್ಮತಿ ಎಂದು. ಇಂಗ್ಲಿಷಿನ ‘ಲೀವ್’ ಎಂಬ ಮಾತಿನ ಹಳೆಯ ಅರ್ಥವೂ ಅನುಮತಿಯೇ. ಆದುದರಿಂದ ರಜೆಯೆಂದರೆ ಕೆಲಸಕ್ಕೆ ಬಾರದಿರುವುದಲ್ಲ. ಬಾರದಿರುವುದಕ್ಕೆ ಇನ್ನೊಬ್ಬರು ಒಪ್ಪಿದ್ದಾರೆ ಎಂಬುದು. ಒಬ್ಬನು ಕೇಳಬೇಕು, ಇನ್ನೊಬ್ಬನು ಕೊಡಬೇಕು. ಎರಡಕ್ಷರದ ಈ ಪದದಲ್ಲಿ ಇಬ್ಬರು ಮನುಷ್ಯರಿದ್ದಾರೆ.

ನಮ್ಮ ಭಾಷೆಯಲ್ಲಿ ಒಂದು ತೊಡಕೂ ಉಂಟು. ಯುಗಾದಿಗೆ ಕಚೇರಿ ಮುಚ್ಚಿದರೂ ರಜೆ, ಮಗಳ ಮದುವೆಗೆಂದು ನಾನೊಬ್ಬನೇ ಮನೆಯಲ್ಲಿ ಉಳಿದರೂ ರಜೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಎರಡು ಮಾತುಗಳಿವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಸೂಟಿ’ ಎಂಬ ಮುದ್ದಾದ ಶಬ್ದವಿದೆ. ಅದು ಕಡತದೊಳಗೆ ಬರಲಿಲ್ಲ. ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಈ ಎರಡು ರಜೆಗಳನ್ನೂ ಒಂದೇ ಎಂದು ತಿಳಿದು, ಅರ್ಜಿ ಬರೆದು ಮೇಜಿನ ಮೇಲಿಟ್ಟುಬಿಟ್ಟರೆ ರಜೆ ಬಂದೇಬಿಟ್ಟಿತೆಂದು ಊರಿನ ಬಸ್ಸು ಹತ್ತುವುದನ್ನು ನಾನು ಬಹಳ ಕಂಡಿದ್ದೇನೆ. ಅರ್ಜಿ ಕೊಟ್ಟುದು ಬೇರೆ, ಮಂಜೂರಾದುದು ಬೇರೆ.

1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಈ ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತವೆ: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಸರ್ಕಾರದ ಕೆಲಸಕ್ಕೆ ಅಡಚಣೆಯಾಗುವುದಾದರೆ ಅಧಿಕಾರಿಯು ರಜೆಯನ್ನು ನಿರಾಕರಿಸಬಹುದು, ಕೊಟ್ಟುದನ್ನು ಹಿಂದಕ್ಕೆ ಪಡೆಯಲೂಬಹುದು. ಆದರೆ ಇದರ ಪಕ್ಕದಲ್ಲಿಯೇ ಇನ್ನೊಂದು ಮಾತಿದೆ. ನೌಕರನು ಕೇಳಿದ ಬಗೆಯ ರಜೆ ಆತನ ಲೆಕ್ಕದಲ್ಲಿ ಇರುವಾಗ, ಅಧಿಕಾರಿಯು ತನ್ನಷ್ಟಕ್ಕೆ ತಾನೇ ಅದನ್ನು ಬೇರೆ ಬಗೆಯ ರಜೆಯಾಗಿ ಬದಲಿಸುವಂತಿಲ್ಲ. ಮೊದಲನೆಯ ಮಾತು ಎಲ್ಲ ಅಧಿಕಾರಿಗಳಿಗೂ ಬಾಯಿಪಾಠ. ಎರಡನೆಯದನ್ನು ನೆನಪಿಟ್ಟವರು ವಿರಳ. ಆ ವಿರಳರ ಪೈಕಿ ನಾನಿರಲಿಲ್ಲ.

ಈಗ ಬಗೆಗಳ ವಿಚಾರ. ಎಲ್ಲರೂ ಬಲ್ಲದ್ದು ಸಾಂದರ್ಭಿಕ ರಜೆ. ಗುಮಾಸ್ತರ ನುಡಿಯಲ್ಲಿ ಸಿ.ಎಲ್. ಇದು ವರ್ಷಕ್ಕೆ ಹದಿನೈದು ದಿನ ಇತ್ತು. 2019ರಲ್ಲಿ ನಾಲ್ಕನೆಯ ಶನಿವಾರವನ್ನೂ ಬಿಡುವಿನ ದಿನವನ್ನಾಗಿ ಮಾಡಿದಾಗ ರಾಜ್ಯ ಸರ್ಕಾರ ಇದನ್ನು ಹತ್ತಕ್ಕೆ ಇಳಿಸಿತು. ಸ್ವಾರಸ್ಯವೇನೆಂದರೆ, ನಿಯಮದ ಕಣ್ಣಿನಲ್ಲಿ ಇದು ರಜೆಯೇ ಅಲ್ಲ. ಸಾಂದರ್ಭಿಕ ರಜೆಯ ಮೇಲಿರುವವನು ಕರ್ತವ್ಯದ ಮೇಲಿದ್ದಂತೆಯೇ ಲೆಕ್ಕ, ಸಂಬಳಕ್ಕೆ ಕುಂದಿಲ್ಲ. ಆದರೆ ಡಿಸೆಂಬರ್ 31 ಕಳೆದರೆ ಉಳಿದ ದಿನಗಳು ಗಾಳಿಗೆ ಹೋದಂತೆ. ವರ್ಷದ ಕೊನೆಯ ವಾರದಲ್ಲಿ ಯಾವ ಕಚೇರಿಗೆ ಹೋದರೂ ಕುರ್ಚಿಗಳು ಮಾತ್ರ ನಮ್ಮನ್ನು ಬರಮಾಡಿಕೊಳ್ಳುವುದು ಈ ಕಾರಣದಿಂದಲೇ.

ಗಳಿಕೆ ರಜೆಯ ರೀತಿ ಬೇರೆ. ದುಡಿದುದಕ್ಕೆ ಪ್ರತಿಯಾಗಿ ಬರುವ ರಜೆ ಅದು. ಜನವರಿ 1ರಂದು ಹದಿನೈದು ದಿನ, ಜುಲೈ 1ರಂದು ಹದಿನೈದು ದಿನ ನೌಕರನ ಲೆಕ್ಕಕ್ಕೆ ಜಮೆಯಾಗುತ್ತದೆ. ಬೇಸಿಗೆಯ ಬಿಡುವುಳ್ಳ ನಮ್ಮಂಥ ಮೇಷ್ಟರುಗಳಿಗೆ ಈ ಗಳಿಕೆ ಕಡಿಮೆ; ಅದೇ ಕಾಲೇಜಿನ ಗುಮಾಸ್ತರಿಗೂ ಜವಾನರಿಗೂ ಬೇಸಿಗೆಯಲ್ಲಿ ಬಿಡುವಿಲ್ಲವಾದ್ದರಿಂದ ಪೂರ್ತಿ. ಇದು ವರ್ಷ ಕಳೆದರೂ ಸಾಯುವುದಿಲ್ಲ. ಈಗಿರುವಂತೆ 300 ದಿನಗಳವರೆಗೆ ಕೂಡಿಬರುತ್ತದೆ, ನಿವೃತ್ತಿಯ ದಿನ ಉಳಿದಷ್ಟು ಹಣವಾಗುತ್ತದೆ. ನೌಕರನು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಆ ಹಣ ಮನೆಯವರಿಗೆ ಸಲ್ಲುತ್ತದೆ. ಒಂದು ಎಚ್ಚರಿಕೆ ಬೇಕು. ಸೋಮವಾರದಿಂದ ಮುಂದಿನ ಸೋಮವಾರದ ತನಕ ಸಾಂದರ್ಭಿಕ ರಜೆ ಹಾಕಿದರೆ ನಡುವಿನ ಭಾನುವಾರ ಎಣಿಕೆಗೆ ಬಾರದು. ಗಳಿಕೆ ರಜೆ ಹಾಕಿದರೆ ಭಾನುವಾರವೂ ಖರ್ಚು. ಒಂದರ ಬೆನ್ನಿಗೆ ಇನ್ನೊಂದನ್ನು ಹೊಲಿಯಲೂ ಬರುವುದಿಲ್ಲ.

ಜನರು ಅತಿ ಕಡಿಮೆ ಬಲ್ಲದ್ದು, ಕಷ್ಟದಲ್ಲಿ ಅತಿ ಹೆಚ್ಚು ಒದಗುವುದು ಅರ್ಧ ವೇತನ ರಜೆ. ವರ್ಷಕ್ಕೆ ಇಪ್ಪತ್ತು ದಿನ. ಕಾಯಿಲೆಗೂ ಆಗುತ್ತದೆ, ಸ್ವಂತ ಕೆಲಸಕ್ಕೂ ಆಗುತ್ತದೆ. ಕಾಯಿಲೆಯೇ ಕಾರಣವಾಗಿ ವೈದ್ಯರ ಪ್ರಮಾಣಪತ್ರವಿದ್ದರೆ ಇದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಮಾಡಿಸಿಕೊಳ್ಳಬಹುದು. ಆಗ ತೆಗೆದುಕೊಂಡ ದಿನಗಳ ಎರಡರಷ್ಟು ಲೆಕ್ಕದಿಂದ ಕಳೆಯುತ್ತದೆ. ಹದಿನೈದು ದಿನ ಮಲಗಿದರೆ ಮೂವತ್ತು ಕಳೆಯಿತು. ಕಳೆದರೆ ಕಳೆಯಲಿ, ಆಸ್ಪತ್ರೆಯ ತಿಂಗಳಿನಲ್ಲಿ ಪೂರ್ತಿ ಸಂಬಳ ಬಂತಲ್ಲ! ಇವಾವುವೂ ಇಲ್ಲದಾಗ ಉಳಿಯುವುದು ಅಸಾಧಾರಣ ರಜೆ. ಹೆಸರು ಗಂಭೀರವಾಗಿದೆ, ಅರ್ಥ ಮಾತ್ರ ಸಂಬಳವಿಲ್ಲ ಎಂದು. ಆದರೂ ಅದು ರಜೆ. ಹೇಳದೆ ಕೇಳದೆ ಗೈರುಹಾಜರಾಗುವುದಕ್ಕಿಂತ ಎಷ್ಟೋ ಮೇಲು.

ಹೆಣ್ಣುಮಕ್ಕಳಿಗೆ 180 ದಿನಗಳ ಹೆರಿಗೆ ರಜೆಯಿದೆ. ಅದು ಯಾವ ಲೆಕ್ಕದಿಂದಲೂ ಕಳೆಯುವುದಿಲ್ಲ. ತಂದೆಯಾದವನಿಗೆ ಹದಿನೈದು ದಿನ. ಮಕ್ಕಳ ಪಾಲನೆಗೆಂದು ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ ಆರು ತಿಂಗಳ ರಜೆಯನ್ನು ರಾಜ್ಯ ಸರ್ಕಾರ 2021ರಲ್ಲಿ ಕೊಟ್ಟಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಹೋದ್ಯೋಗಿ ಹೆಣ್ಣುಮಕ್ಕಳು ಮಗುವಿಗೆ ಜ್ವರ ಬಂದರೆ ತಮಗೇ ಜ್ವರ ಬಂದಿತೆಂದು ಬರೆದು ಕೊಡುತ್ತಿದ್ದರು. ಅದು ಸುಳ್ಳೆಂದು ಕೊಡುವವರಿಗೂ ಗೊತ್ತು, ಪಡೆಯುವವರಿಗೂ ಗೊತ್ತು.

ಸುಳ್ಳಿನ ಮಾತು ಬಂದುದರಿಂದ ಹೇಳುತ್ತೇನೆ. ರಜೆ ಅರ್ಜಿ ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಅದರಲ್ಲಿ ಅಜ್ಜಿಯರು ಎರಡೆರಡು ಸಲ ತೀರಿಕೊಳ್ಳುತ್ತಾರೆ; ಶನಿವಾರ ಬಂದ ಹೊಟ್ಟೆನೋವು ಮಂಗಳವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಹೋಗುತ್ತದೆ. ಹೀಗೇಕೆ? ಒಂದು ದಿನದ ಸಾಂದರ್ಭಿಕ ರಜೆಗೆ ‘ಸ್ವಂತ ಕೆಲಸದ ನಿಮಿತ್ತ’ ಎಂಬ ಮೂರು ಮಾತು ಸಾಕೆಂಬುದು ಬರೆಯುವವನಿಗೆ ತಿಳಿದಿರುವುದಿಲ್ಲ. ಸಾಕಾಗದೆಂಬಂತೆ ಮುಖ ಮಾಡುವ ಅಧಿಕಾರಿಯೂ ಎದುರಿಗೆ ಕುಳಿತಿರುತ್ತಾನೆ. ಹೆಚ್ಚು ದಿನದ ರಜೆಗೆ ಬೇಕಾದುದು ಕಣ್ಣೀರಲ್ಲ. ಯಾವ ಬಗೆಯ ರಜೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಹಿಂದು ಮುಂದಿನ ಬಿಡುವಿನ ದಿನಗಳನ್ನು ಸೇರಿಸಿಕೊಳ್ಳಲು ಅನುಮತಿ ಬೇಕೇ, ರಜೆಯಲ್ಲಿರುವಾಗಿನ ವಿಳಾಸ ಯಾವುದು, ಪ್ರಭಾರ ಯಾರಿಗೆ ಎಂಬಿಷ್ಟು. ಇಷ್ಟನ್ನು ಬರೆದು, ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆದು ಇಟ್ಟುಕೊಂಡವನಿಗೆ ಭಯವಿಲ್ಲ. ಇದನ್ನು ನಾನು ತರಗತಿಯಲ್ಲಿ ಪತ್ರಲೇಖನದ ಪಾಠ ಮಾಡುವಾಗ ಎಂದೂ ಹೇಳಲಿಲ್ಲ. ‘ಮಾನ್ಯರೆ’ ಎಂಬುದರ ಮುಂದೆ ಅಲ್ಪವಿರಾಮ ಹಾಕಬೇಕೆಂದು ಹೇಳಿಕೊಟ್ಟೆ.

ಇನ್ನು ಮೊದಲು ತಡೆದಿಟ್ಟ ಮಾತು. ಬಹಳ ವರ್ಷದ ಹಿಂದೆ ನಾನು ಮಲೆನಾಡಿನ ಅಂಚಿನ ಒಂದು ಊರಿನ ಕಾಲೇಜಿನಲ್ಲಿ ಪ್ರಭಾರ ಪ್ರಾಂಶುಪಾಲನಾಗಿದ್ದೆ. ಅಲ್ಲಿ ಒಬ್ಬ ಜವಾನನಿದ್ದ. ಹದಿನಾಲ್ಕು ವರ್ಷದಿಂದ ಗಂಟೆ ಹೊಡೆಯುತ್ತಿದ್ದವನು. ಆತನ ಗಂಟೆಗೆ ಊರಿನ ಅಂಗಡಿಯವರು ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಮಾರ್ಚ್ ತಿಂಗಳ ಒಂದು ದಿನ ಆತ ಬರಲಿಲ್ಲ. ಮೂರು ದಿನದ ಮೇಲೆ ಒಂದು ಅಂಚೆ ಕಾರ್ಡು ಬಂತು: ತಾಯಿಗೆ ಲಕ್ವ ಹೊಡೆದಿದೆ, ನೋಡಿಕೊಳ್ಳುವವರು ಯಾರೂ ಇಲ್ಲ, ದಯಮಾಡಿ ರಜೆ ಕೊಡಬೇಕು ಎಂದು. ಪರೀಕ್ಷೆಯ ಕಾಲ. ಕೊಠಡಿಗಳಿಗೆ ಬೆಂಚು ಹಾಕಿಸುವವರಿಲ್ಲ, ನೀರಿಡುವವರಿಲ್ಲ. ನಾನು ಆ ಕಾರ್ಡನ್ನು ಓದಿದೆ. ಓದಿದ ಗುರುತಿಗೆ ಮೂಲೆಯಲ್ಲಿ ಚಿಕ್ಕ ಸಹಿಯನ್ನೂ ಹಾಕಿದೆ. ಅದು ಕಡತಕ್ಕೆ ಸೇರಿತು.

ಆತ ಹಿಂದಿರುಗಿದ್ದು ನಲವತ್ತಾರು ದಿನಗಳ ಮೇಲೆ. ತಲೆ ಬೋಳಿಸಿಕೊಂಡಿದ್ದ. ಅದನ್ನು ಕಂಡೂ ನಾನು ಕೇಳಿದ್ದು, “ಏನಪ್ಪ, ಇದೇನು ನಿಮ್ಮ ತಾತನ ಮನೆಯೇ?” ಎಂದು. ಆತ ಉತ್ತರ ಹೇಳಲಿಲ್ಲ. ಆ ನಲವತ್ತಾರು ದಿನವನ್ನು ‘ಅನಧಿಕೃತ ಗೈರುಹಾಜರಿ’ ಎಂದು ಬರೆಸಿ ಸಹಿ ಹಾಕಿದೆ. ಸೇವಾ ವಹಿಯ ರಜೆ ಲೆಕ್ಕದ ಪುಟವನ್ನು ತೆರೆದು ನೋಡಲಿಲ್ಲ. ತೆರೆದಿದ್ದರೆ ಅಲ್ಲಿ ನೂರಕ್ಕೂ ಮೀರಿದ ಗಳಿಕೆ ರಜೆಯೂ ಇನ್ನೂರಕ್ಕೂ ಮೀರಿದ ಅರ್ಧ ವೇತನ ರಜೆಯೂ ಕಾಣುತ್ತಿತ್ತು. ಒಂದು ನಮೂನೆಯನ್ನು ಆತನ ಕೈಗಿತ್ತು ಇಲ್ಲಿ ಸಹಿ ಮಾಡಪ್ಪ ಎಂದಿದ್ದರೆ ಸಾಕಾಗಿತ್ತು. ಆತನೂ ಕೇಳಲಿಲ್ಲ. ಗಳಿಕೆ ರಜೆಯೆಂದರೆ ನಿವೃತ್ತಿಯ ದಿನ ಹಣವಾಗುವ ಗಂಟು, ಅದನ್ನು ನಡುವೆ ಬಿಚ್ಚಬಾರದು ಎಂದು ಯಾರೋ ಹೇಳಿಕೊಟ್ಟಿದ್ದರಂತೆ.

ಇದಾಗಿ ಎಷ್ಟೋ ವರ್ಷ. ನಾನು ವರ್ಗವಾಗಿ ಬೇರೆ ಊರಿನಲ್ಲಿದ್ದೆ. ಒಂದು ಭಾನುವಾರ ಆತ ಮನೆಯ ಬಾಗಿಲಿಗೆ ಬಂದು ನಿಂತ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಪಿಂಚಣಿಯ ಕಾಗದಗಳು ಆಕ್ಷೇಪಣೆ ಹೊತ್ತು ಹಿಂದಕ್ಕೆ ಬಂದಿದ್ದವು: ನಲವತ್ತಾರು ದಿನಗಳ ಅವಧಿ ಸಕ್ರಮವಾಗಿಲ್ಲ. ವಾರ್ಷಿಕ ವೇತನ ಬಡ್ತಿಯ ತಾರೀಖುಗಳನ್ನೂ ಅಲ್ಲಿಂದ ತಿದ್ದಿಕೊಂಡು ಬರಬೇಕೆಂದು ಬರೆದಿದ್ದರು. ಆತ ಕಡತದ ನಕಲುಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಎಲ್ಲಕ್ಕಿಂತ ಕೆಳಗೆ ಆ ಕಾರ್ಡಿನ ನಕಲು.

“ಸಾರ್, ನಾನು ಒಂದು ಕಾಗದ ಬರೆದಿದ್ದೆನಲ್ಲ” ಎಂದ. ದೂರುವ ದನಿಯಲ್ಲ, ನೆನಪಿಸುವ ದನಿ. ಮೂಲೆಯಲ್ಲಿ ನನ್ನ ಸಹಿ ಇತ್ತು. ನಕಲಿನಲ್ಲಿ ಹಸಿರು ಬಣ್ಣ ಕಪ್ಪಾಗಿತ್ತು, ಅಷ್ಟೇ.

ಅಂದೇ ಕುಳಿತು ನಾನೊಂದು ಪತ್ರ ಬರೆದೆ. ನೌಕರನು ಸಕಾಲದಲ್ಲಿ ರಜೆ ಕೋರಿ ಪತ್ರ ಕಳುಹಿಸಿದ್ದನೆಂದೂ, ಅದು ನನ್ನ ಕೈ ಸೇರಿತ್ತೆಂದೂ, ಲೆಕ್ಕದಲ್ಲಿ ರಜೆಯಿದ್ದಾಗ್ಯೂ ನೋಡದೆ ಗೈರುಹಾಜರಿಯೆಂದು ಬರೆಸಿದ್ದು ನನ್ನ ತಪ್ಪೆಂದೂ ಬರೆದೆ. ಆತನಿಂದಲೂ ಒಂದು ಅರ್ಜಿ ಬರೆಸಿದೆ. ಬಗೆ, ತಾರೀಖು, ಕಾರಣ ಎಲ್ಲವನ್ನೂ ಕ್ರಮವಾಗಿ ಹೇಳುತ್ತಾ ಹೋದೆ, ಆತ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಾ ಹೋದ. ಕಾರಣದ ಸಾಲಿಗೆ ಬಂದಾಗ, ತಾಯಿ ತೀರಿಕೊಂಡದ್ದು ಎಂದು ಎಂದು ಕೇಳಿದೆ. ಅದನ್ನು ಆತನಲ್ಲಿ ನಾನು ಕೇಳಿದ್ದು ಅದೇ ಮೊದಲು. ರಜೆಯ ಮೂವತ್ತನಾಲ್ಕನೆಯ ದಿನ ಎಂದ. ಎಣಿಸಿ ಇಟ್ಟುಕೊಂಡಿದ್ದ.

ಆದೇಶ ಬರಲು ನಾಲ್ಕು ತಿಂಗಳು ಹಿಡಿಯಿತು. ನನ್ನ ಅನಂತರ ಆ ಕುರ್ಚಿಗೆ ಬಂದವರು ನನಗಿಂತ ತಾಳ್ಮೆಯುಳ್ಳವರು. ಮೇಲಿನ ಕಚೇರಿಗೆ ಎರಡು ಸಲ ಬರೆದರು. ನಲವತ್ತಾರು ದಿನ ರಜೆಯಾಗಿ ಸಕ್ರಮವಾಯಿತು. ಕೊನೆಯಲ್ಲಿ ಸಿಗುವ ನಗದಿನಲ್ಲಿ ಅಷ್ಟು ದಿನದ್ದು ಕಡಿಮೆಯಾಯಿತು. ಆ ದಿನಗಳ ಸಂಬಳ ಬಂತು, ಸೇವೆ ಮುರಿಯದೆ ಉಳಿಯಿತು. ಆದೇಶದ ಪ್ರತಿ ಕೈಗೆ ಬಂದ ಸಂಜೆ ಆತ ನನಗೆ ದೂರವಾಣಿ ಮಾಡಿದ. ಓದುತ್ತೇನೆ ಕೇಳಿ ಸಾರ್ ಎಂದು ಉಲ್ಲೇಖದ ಸಂಖ್ಯೆಯಿಂದ ಹಿಡಿದು ನಿಧಾನವಾಗಿ ಓದಿದ. ‘ಗಳಿಕೆ ರಜೆ’ ಎಂಬಲ್ಲಿಗೆ ಬಂದು ನಿಲ್ಲಿಸಿದ. ಆ ಎರಡು ಮಾತನ್ನು ಇನ್ನೊಮ್ಮೆ ಓದಿ, ಮುಂದಕ್ಕೆ ಹೋದ.