ಮರೆತುಹೋದ ಬೀಗದ ಕೈ

ಮನೆಯ ಬೀಗದ ಕೈ ಕಳೆದುಹೋದರೆ ಗಾಬರಿಯಾಗುವುದು ಸಹಜ. ಆದರೂ ನಾವು ಕೈಚೆಲ್ಲಿ ಕೂರುವುದಿಲ್ಲ. ಪೇಟೆಬೀದಿಯಲ್ಲಿ ಬೀಗ ರಿಪೇರಿ ಮಾಡುವವನೊಬ್ಬ ಇದ್ದೇ ಇರುತ್ತಾನೆ. ಅವನು ಬಂದು, ಅರ ಹಿಡಿದು ಅರ್ಧ ಗಂಟೆ ಉಜ್ಜಿ, ಹೊಸ ಕೈ ಮಾಡಿಕೊಟ್ಟು ಹೋಗುತ್ತಾನೆ. ಅದೂ ಆಗದಿದ್ದರೆ ಬೀಗವನ್ನೇ ಒಡೆದರಾಯಿತು. ಒಳಗಿರುವ ಪಾತ್ರೆಪಡಗಗಳಿಗೆ ಏನೂ ಆಗುವುದಿಲ್ಲ. ಆದರೆ ಈಗ ಮನೆಮನೆಗೂ ಬಂದಿರುವ ಕಂಪ್ಯೂಟರಿಗೆ ನಾವು ಹಾಕುವ ಬೀಗ ಬೇರೆ ಬಗೆಯದು. ಅದರ ಕೈ ಒಂದು ಗುಟ್ಟಿನ ಮಾತು. ಪಾಸ್‌ವರ್ಡ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಈ ಮಾತು ಮರೆತುಹೋದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಸರಸ್ವತಿಪುರಂನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತೆಂಟು. ಅವರ ತಾಯಿಯವರು ಹಾಡುತ್ತಿದ್ದ ಹಸೆಯ ಹಾಡು, ಆರತಿಯ ಹಾಡು, ಬೀಸುವ ಹಾಡುಗಳ ಪುಸ್ತಕವೊಂದು ಮನೆಯಲ್ಲಿತ್ತು. ಅದರಲ್ಲಿ ಅರ್ಧ ಗೆದ್ದಲಿಗೆ ಹೋಗಿತ್ತು. ಉಳಿದುದನ್ನು ಅವರ ಅಕ್ಕ ಬಾಯಲ್ಲಿ ಹೇಳಿದರು. ಮೇಷ್ಟ್ರು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದರು. ಹೀಗೆ ನಾಲ್ಕು ವರ್ಷ ನಡೆಯಿತು. ಅಕ್ಕ ಈಗಿಲ್ಲ. ಆಮೇಲೆ ಮೇಷ್ಟ್ರೇ ಎರಡು ತಿಂಗಳು ಕಾಯಿಲೆ ಮಲಗಿ ಎದ್ದರು. ಎದ್ದು ಬಂದು ಕಂಪ್ಯೂಟರ್ ಮುಂದೆ ಕುಳಿತರೆ, ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ.

ನಾನು ಹೋಗುವ ಹೊತ್ತಿಗೆ ಅಂಗಡಿಯ ಹುಡುಗನೊಬ್ಬ ಬಂದಿದ್ದ. “ಫಾರ್ಮ್ಯಾಟ್ ಮಾಡಿಬಿಡ್ತೀನಿ ಸಾರ್, ಒಂದು ಗಂಟೆ ಕೆಲಸ” ಎನ್ನುತ್ತಿದ್ದ. ಮೇಷ್ಟ್ರು ನನ್ನ ಮುಖ ನೋಡಿ, “ಏನಪ್ಪಾ, ಹಾಗಂದರೆ ಒಳಗಿರೋದು ಉಳಿಯುತ್ತೇನಪ್ಪಾ?” ಎಂದರು. “ಉಳಿಯೋಲ್ಲ ಮೇಷ್ಟ್ರೇ. ಸ್ವಲ್ಪ ತಾಳಿ” ಎಂದೆ.

ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಾಗ ಒಬ್ಬೊಬ್ಬರಿಗೂ ಒಂದೊಂದು ಖಾತೆ ಇಡಬಹುದು. ಅವುಗಳಲ್ಲಿ ಒಂದಕ್ಕಾದರೂ ಯಜಮಾನಿಕೆ ಇರಬೇಕು. ಅಡ್ಮಿನಿಸ್ಟ್ರೇಟರ್ ಎಂದರೆ ಈ ಯಜಮಾನ ಖಾತೆಯೇ. ಹೊಸ ತಂತ್ರಾಂಶ ಹಾಕುವುದು, ಉಳಿದವರ ಪಾಸ್‌ವರ್ಡ್ ಬದಲಾಯಿಸುವುದು ಎಲ್ಲವೂ ಇದರ ಅಧಿಕಾರ. ಮೇಷ್ಟ್ರ ಯಂತ್ರದಲ್ಲಿ ಇದ್ದುದು ಅದೊಂದೇ ಖಾತೆ.

“ಯಂತ್ರಕ್ಕಾದರೂ ಪಾಸ್‌ವರ್ಡ್ ಗೊತ್ತಿರಬೇಕಲ್ಲ, ಅದರಿಂದಲೇ ಕೇಳಿಕೊಳ್ಳಬಾರದೆ?” ಎಂದು ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಮೊದಲು ಯಂತ್ರಕ್ಕೆ ಗೊತ್ತಿರುತ್ತಿತ್ತು. 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಏರ್ಪಾಡು ಮಾಡಿದರು. ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡ್ ಇತ್ತರು. ಅವೆಲ್ಲ ಒಂದೇ ಪಟ್ಟಿಯಲ್ಲಿ ಇದ್ದಹಾಗೆಯೇ ಇದ್ದವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಯಂತ್ರದ ವೇಳೆ ಸಾಲದೆಂದು, ಆ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಮಾಡಿದ. ಇಂಥ ಅಪಾಯಗಳಿಂದ ಬುದ್ಧಿ ಕಲಿತು, ಪಾಸ್‌ವರ್ಡನ್ನು ಇದ್ದಹಾಗೆ ಇಡದೆ ಗಣಿತದಿಂದ ಅರೆದು ಇಡುವ ಪದ್ಧತಿ ಬಂತು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದನ್ನು ಕುರಿತು ಬರೆದ ಲೇಖನ ಪ್ರಸಿದ್ಧವಾಯಿತು.

ಅರೆಯುವುದೆಂದರೆ ದೋಸೆಯ ಹಿಟ್ಟಿನ ಹಾಗೆ ಎಂದಿಟ್ಟುಕೊಳ್ಳಿ. ಅಕ್ಕಿ ಉದ್ದು ಅರೆದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ಮತ್ತೆ ಅಕ್ಕಿಯನ್ನು ಹೆಕ್ಕಲಾಗದು. ಆದರೆ ಅದೇ ಅಳತೆಯಲ್ಲಿ ಇನ್ನೊಮ್ಮೆ ಅರೆದರೆ ಅಂಥದೇ ಹಿಟ್ಟು ಬರುತ್ತದೆ. ನೀವು ಪಾಸ್‌ವರ್ಡ್ ಒತ್ತಿದಾಗ ಯಂತ್ರ ಅದನ್ನು ಅರೆದು, ತನ್ನಲ್ಲಿರುವ ಹಳೆಯ ಹಿಟ್ಟಿಗೆ ಹೋಲಿಸಿ ನೋಡುತ್ತದೆ; ಸರಿಹೊಂದಿದರೆ ಬಾಗಿಲು ತೆಗೆಯುತ್ತದೆ. ಹಾಗಾಗಿ, ಮರೆತ ಪಾಸ್‌ವರ್ಡನ್ನು ಯಂತ್ರ ನಿಮಗೆ ಹೇಳಲಾರದು. ನಮಗೆ ಸಾಧ್ಯವಿರುವುದು ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು.

ಅದಕ್ಕೆ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿ ನೋಡಿ. ಕ್ಯಾಪ್ಸ್ ಲಾಕ್ ಎಂಬ ಕೀಲಿ ಒತ್ತಿದ್ದರೆ ಅಕ್ಷರಗಳು ಬದಲಾಗುತ್ತವೆ. ನಮ್ ಲಾಕ್ ಆರಿದ್ದರೆ ಬಲಗಡೆಯ ಅಂಕಿಗಳು ಬೀಳುವುದಿಲ್ಲ. ಆಮೇಲೆ, ಯೋಚನೆ ಬಿಟ್ಟು ಕೀಲಿಮಣೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ. ತಲೆ ಮರೆತದ್ದನ್ನು ಎಷ್ಟೋ ಸಲ ಬೆರಳು ಮರೆತಿರುವುದಿಲ್ಲ.

ಇದೂ ಫಲಿಸದಿದ್ದರೆ, ಯಂತ್ರದಲ್ಲಿ ಇನ್ನೊಂದು ಯಜಮಾನ ಖಾತೆ ಇದೆಯೇ ನೋಡಬೇಕು. ಇದ್ದರೆ ಅದರಿಂದ ಒಳಹೊಕ್ಕು ಹೊಸ ಪಾಸ್‌ವರ್ಡ್ ಕೊಡಬಹುದು. 2018ರಿಂದೀಚಿನ ವಿಂಡೋಸಿನಲ್ಲಿ, ಯಂತ್ರಕ್ಕಷ್ಟೇ ಸೇರಿದ ಖಾತೆಗೆ ಮೂರು ಗುಟ್ಟಿನ ಪ್ರಶ್ನೆಗಳನ್ನು ಇಡುವ ಅನುಕೂಲವುಂಟು. ತಪ್ಪು ಪಾಸ್‌ವರ್ಡ್ ಒತ್ತಿದಾಗ ಅವುಗಳಿಗೆ ಉತ್ತರ ಕೊಟ್ಟು ಹೊಸದನ್ನು ಹಾಕಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುವವರು ಬೇರೆ ಫೋನಿನಿಂದಲೇ ಅಂತರಜಾಲದಲ್ಲಿ ಪಾಸ್‌ವರ್ಡ್ ಬದಲಾಯಿಸಬಹುದು. ಆದರೆ ಅದಕ್ಕೆ ಬೇಕಾದ ಸಂಖ್ಯೆ, ಹಿಂದೆ ಬರೆಸಿದ ಫೋನಿಗೋ ಅಂಚೆ ವಿಳಾಸಕ್ಕೋ ಬರುತ್ತದೆ. ಆ ಫೋನು ಇನ್ನೂ ನಿಮ್ಮ ಬಳಿ ಇದೆಯೇ ಎಂದು ಇಂದೇ ನೋಡಿಕೊಳ್ಳುವುದು ಒಳ್ಳೆಯದು. ಲಿನಕ್ಸ್ ಬಳಸುವವರಿಗೆ ದುರಸ್ತಿಯ ಬಾಗಿಲೊಂದಿದೆ. ಯಂತ್ರ ಏಳುವಾಗಲೇ ಅದರ ಮೂಲಕ ಹೋಗಿ ಹೊಸ ಪಾಸ್‌ವರ್ಡ್ ಇಡಬಹುದು.

ಮೇಷ್ಟ್ರ ಹಳೆಯ ಯಂತ್ರದಲ್ಲಿ ಇವಾವುವೂ ಇರಲಿಲ್ಲ. ಆದರೂ ನಮಗೆ ಧೈರ್ಯವಿತ್ತು. ಖಾತೆಯ ಪಾಸ್‌ವರ್ಡ್ ಬೀದಿಬಾಗಿಲಿನ ಬೀಗವಿದ್ದಂತೆ. ಕಡತಗಳೆಲ್ಲ ಹಾರ್ಡ್ ಡಿಸ್ಕ್ ಎಂಬ ಪೆಟ್ಟಿಗೆಯಲ್ಲಿರುತ್ತವೆ. ಆ ಪೆಟ್ಟಿಗೆಗೆ ಬೇರೆ ಬೀಗ ಹಾಕಿರದಿದ್ದರೆ, ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಅಂಗಡಿಯ ಹುಡುಗನೇ ನಾಲ್ಕು ತಿರುಪು ಬಿಚ್ಚಿ ಡಿಸ್ಕನ್ನು ತೆಗೆದ. ನನ್ನ ಯಂತ್ರಕ್ಕೆ ಜೋಡಿಸಿದೆವು. ಹಾಡುಗಳ ಕಡತ ಸಿಕ್ಕಿತು. ತೆರೆದು ನೋಡಿದರೆ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಮೇಷ್ಟ್ರ ಮುಖ ಬಾಡಿತು. ಹಳೆಯ ನುಡಿಯ ಅಕ್ಷರಶೈಲಿ ನನ್ನ ಯಂತ್ರದಲ್ಲಿ ಇರಲಿಲ್ಲ, ಅಷ್ಟೆ. ಅದನ್ನು ತಂದು ಹಾಕಿದ ಕೂಡಲೆ ಕನ್ನಡ ಮೂಡಿತು. ಮೊದಲು ಎರಡು ಕಡೆ ನಕಲು ಮಾಡಿ ಇಟ್ಟೆವು. ಆಮೇಲೆ ಹಳೆಯ ಯಂತ್ರಕ್ಕೆ ಹೊಸ ಪಾಸ್‌ವರ್ಡ್ ಹಾಕಿದೆವು. ಈ ಕ್ರಮವನ್ನು ತಾವು ದಯವಿಟ್ಟು ನೆನಪಿಡಬೇಕು: ಮೊದಲು ನಕಲು, ಆಮೇಲೆ ಬೀಗದ ರಿಪೇರಿ. ಫಾರ್ಮ್ಯಾಟ್ ಎಂಬುದು ಕಟ್ಟಕಡೆಯ ಮಾತು.

ಇದನ್ನು ಕೇಳಿ, ಎಲ್ಲ ಯಂತ್ರಕ್ಕೂ ಇದೇ ಮದ್ದು ಎಂದು ತಿಳಿಯಬಾರದು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಪೆಟ್ಟಿಗೆಗೂ ಬೀಗವಿರುತ್ತದೆ. ಡಿಸ್ಕಿನಲ್ಲಿರುವ ಅಕ್ಷರಗಳೆಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಇಡುವ ವ್ಯವಸ್ಥೆ ಅದು. ವಿಂಡೋಸಿನಲ್ಲಿ ಇದರ ಹೆಸರು ಬಿಟ್‌ಲಾಕರ್. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದೀಚೆಗೆ, ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಇಂಥ ಬೀಗ ಸಾಮಾನ್ಯವಾಗಿ ತಾನಾಗಿಯೇ ಬೀಳುತ್ತದೆ. ಕಳ್ಳನ ಕೈಗೆ ಯಂತ್ರ ಸಿಕ್ಕರೂ ಅವನಿಗೆ ಏನೂ ದಕ್ಕದು; ಇದು ಲಾಭ. ಆದರೆ ಡಿಸ್ಕನ್ನು ಬಿಚ್ಚಿ ಬೇರೆಡೆ ಜೋಡಿಸಿದರೆ ನಿಮಗೂ ದಕ್ಕದು. ಅದಕ್ಕೆ 48 ಅಂಕಿಗಳ ಒಂದು ಉದ್ಧಾರದ ಕೀಲಿಯುಂಟು, ಆರಾರು ಅಂಕಿಗಳ ಎಂಟು ಗುಂಪು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಹುಡುಕಿ ಕಾಗದದ ಮೇಲೆ ಬರೆದಿಡಬೇಕು. ಅದು ಎಲ್ಲಿಯೂ ಇಲ್ಲವೆಂದಾದರೆ, ಕಂಪೆನಿಯವರೂ ಹೊಸ ಕೀಲಿ ಮಾಡಿಕೊಡಲಾರರು. ಆಗ ಮಾತ್ರ ಫಾರ್ಮ್ಯಾಟೇ ಗತಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಉಪಾಯಗಳು ಸ್ವಂತ ಯಂತ್ರಕ್ಕೆ, ಇಲ್ಲವೆ ಒಡೆಯರು ಒಪ್ಪಿದ ಯಂತ್ರಕ್ಕೆ ಮಾತ್ರ. ಪರರ ಕಂಪ್ಯೂಟರನ್ನು ಅವರ ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ತೆರೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಇನ್ನು ಮರೆವಿನ ವಿಷಯ. ನಮ್ಮ ಊರಿಗೆ ಬಾನುಲಿಯನ್ನು ತಂದ ಡಾ॥ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ಅವರು ಮನೆಯಲ್ಲೇ ಆರಂಭಿಸಿದ ಕೇಂದ್ರದಿಂದ ‘ಆಕಾಶವಾಣಿ’ ಎಂಬ ಹೆಸರು ಬಂದುದು ಓದುಗರಿಗೆ ತಿಳಿದೇ ಇದೆ. ಅವರ ಶಾಸ್ತ್ರಕ್ಕೆ ಸೇರಿದ ಒಂದು ಹಳೆಯ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು, 1885ರಲ್ಲಿ ಪ್ರಕಟಿಸಿದ. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತಿತ್ತು. ಅರ್ಥವಿರುವ ಪದ್ಯವಾದರೆ ಕಲಿಯುವುದು ಎಷ್ಟೋ ಸುಲಭವೆಂದೂ ಆತ ಕಂಡ. ನಾವಾದರೋ ಅಕ್ಷರ, ಅಂಕಿ, ಚಿಹ್ನೆಗಳನ್ನು ಕಲಸಿ, ಮರೆಯಲು ಹೇಳಿಮಾಡಿಸಿದಂಥ ಪಾಸ್‌ವರ್ಡ್ ಇಟ್ಟುಕೊಳ್ಳುತ್ತೇವೆ. ಅಮೆರಿಕದ ಮಾನಕ ಸಂಸ್ಥೆಯೇ 2017ರಲ್ಲಿ ತನ್ನ ಸಲಹೆಯನ್ನು ತಿದ್ದಿಕೊಂಡು, ಕಾರಣವಿಲ್ಲದೆ ಪದೇಪದೇ ಪಾಸ್‌ವರ್ಡ್ ಬದಲಾಯಿಸಬೇಕಿಲ್ಲ, ಉದ್ದವಾಗಿರುವುದೇ ಮೇಲು ಎಂದಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದರೆ, ಮನಸ್ಸಿನಲ್ಲಿ ನಿಲ್ಲುವ ಉದ್ದನೆಯ ಪಾಸ್‌ವರ್ಡ್ ಆಗುತ್ತದೆ. ಮಕ್ಕಳ ಹೆಸರು, ಹುಟ್ಟಿದ ದಿನ ಮಾತ್ರ ಬೇಡ. ಅವು ಬೀದಿಗೆಲ್ಲ ಗೊತ್ತು.

ಪಾಸ್‌ವರ್ಡ್ ಬರೆದಿಡಬಾರದೆಂದು ಹೇಳುವವರುಂಟು. ಯಂತ್ರದ ಮೇಲೆಯೇ ಚೀಟಿ ಅಂಟಿಸುವುದು ತಪ್ಪು, ನಿಜ. ಆದರೆ ಮನೆಯ ಪತ್ರ, ಬ್ಯಾಂಕಿನ ಪುಸ್ತಕಗಳ ಜೊತೆಯಲ್ಲಿ ಬೀರುವಿನಲ್ಲಿ ಒಂದು ಲಕೋಟೆ ಇರಲಿ. ನಂಬಿಕೆಯ ಒಬ್ಬರಿಗೆ ಅದು ಇರುವ ಜಾಗ ಗೊತ್ತಿರಲಿ. ಯಜಮಾನ ಖಾತೆ ಎರಡಿರಲಿ. ಮುಖ್ಯವಾದ ಕಡತಗಳ ನಕಲು ಇನ್ನೊಂದು ಕಡೆ ಇರಲಿ.

ಮೇಷ್ಟ್ರು ಈಗ ಹಾಗೆಯೇ ಮಾಡಿದ್ದಾರೆ. ಹೋದ ತಿಂಗಳು ಅವರ ಮೊಮ್ಮಗಳ ಮದುವೆಯಾಯಿತು. ಹಸೆಯ ಹಾಡುಗಳನ್ನು ಅಚ್ಚು ಹಾಕಿಸಿ ಬಂದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಪ್ರತಿ ಕೊಟ್ಟರು. ನನ್ನ ಕೈಗೂ ಒಂದು ಇತ್ತು, “ಇನ್ನು ನಾನು ಮರೆತರೂ ಚಿಂತೆಯಿಲ್ಲ ಕಣಪ್ಪಾ” ಎಂದರು.